ಅರವತ್ತಕ್ಕೆ ನಿಲ್ಲಬೇಕಿದ್ದ ಎಣಿಕೆ

ಅವ್ವಾ,

ನಿನ್ನೆಯೂ ಬಂದಿದ್ದೆಯಲ್ಲ? ಬೆಳಗಿನ ಮೊದಲ ರೋಗಿಯನ್ನು ರೇಡಿಯೇಶನ್ ಮಿಷನ್ನಿನ ಕೆಳಗೆ ಮಲಗಿಸಿ, ದಪ್ಪ ಬಾಗಿಲು ಮುಚ್ಚಿಕೊಂಡು, ಹೊರಗಿನ ಕೋಣೆಯಲ್ಲಿ ಪರದೆ ನೋಡುತ್ತ ಕೂತಿದ್ದೆ. ಮೈಕಿನಲ್ಲಿ ಬರುವ ಮಿಷನ್ನಿನ ಗುಂಯ್ ಸದ್ದಿನ ಅಡಿಯಲ್ಲಿ ನೀನು ಎಣಿಸುತ್ತಿದ್ದೆ. ಅರವತ್ತಕ್ಕೆ ಮಿಷನ್ನು ನಿಂತಿತು. ನೀನು ನಿಲ್ಲಲಿಲ್ಲ, ನಿನ್ನ ತೆಲುಗಿನಲ್ಲೇ ಮುಂದೆ ಹೋದೆ. ಅರವೈ ಒಕಟಿ, ಅರವೈ ರೆಂಡು... ಪಕ್ಕದಲ್ಲಿದ್ದ ಟೆಕ್ನಿಷಿಯನ್ "ಯಾಕ್ ಮೇಡಂ, ಹಿಂಗ್ ಬೆವರ್ತಿದೀರಾ?" ಅಂದ. ಏನಿಲ್ಲ ಅಂದೆ. ಏನಿಲ್ಲ ಅನ್ನುವುದು ನನಗೆ ಬಲು ಚೆನ್ನಾಗಿ ಬರುತ್ತದೆಂದು ನಿನಗೆ ಗೊತ್ತಲ್ಲ.

ನೀನಿದ್ದಾಗ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಚಳ್ಳಕೆರೆಯಲ್ಲಿ ಬಸ್ ಹತ್ತಿ ಕಣ್ಣು ಮುಚ್ಚಿದರೆ ಮೊಳಕಾಲ್ಮೂರಿನಲ್ಲಿ ಬಿಡುತ್ತಿದ್ದೆ, ಕಾಗದ ಯಾಕೆ ಬೇಕಿತ್ತು? ಬರೆದಿದ್ದರೂ ನಿನಗೆ ಓದು ಬರುತ್ತಿರಲಿಲ್ಲ. ಪಕ್ಕದ ಮನೆಯ ಗಂಗಮ್ಮತ್ತೆಯ ಕೈಯಲ್ಲಿ ಓದಿಸಿಕೊಳ್ಳಬೇಕಿತ್ತು. ಈಗಲಾದರೂ ಯಾರ ಹಂಗಿಲ್ಲದೆ ಓದಿಕೊಳ್ಳುತ್ತೀಯ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನಿಂದ ನಾನು ಒಂದನ್ನು ಕಿತ್ತುಕೊಂಡಿದ್ದೆ, ಅವ್ವಾ. ಅದನ್ನು ಹಿಂದಕ್ಕೆ ಕೊಡಬೇಕು.

ಬೋರಿನ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಾಗ ಬೀದಿಯ ಹೆಂಗಸರು "ನಿನ್ ಮಗಳು ಡಾಕ್ಟ್ರಾ?" ಎಂದು ಕೇಳಿದ್ದು ನೆನಪಿದೆಯಾ? "ಡಾಕ್ಟ್ರಲ್ಲ, ನರ್ಸಮ್ಮನೂ ಅಲ್ಲ. ಕಣ್ಣಿಗೆ ಕಾಣ್ದಿರೋ ಬೆಳಕನ್ನ ಅಳ್ದು ಕೊಡ್ತಾಳೆ" ಎಂದಿದ್ದೆ ನೀನು. ಮೆಡಿಕಲ್ ಫಿಸಿಸಿಸ್ಟ್ ಎಂಬ ನನ್ನ ಹುದ್ದೆಗೆ ಅಷ್ಟು ಸರಿಯಾದ ಅರ್ಥವನ್ನು ನಮ್ಮ ಆಸ್ಪತ್ರೆಯ ಆಡಳಿತದವರೂ ಇವತ್ತಿನವರೆಗೆ ಹೇಳಿಲ್ಲ. ಕ್ಯಾನ್ಸರಿನ ಗಂಟಿಗೆ ಎಷ್ಟು ಬೆಳಕು ಬೇಕೆಂದು ಡಾಕ್ಟರು ಬರೆಯುತ್ತಾರೆ. ಮಿಷನ್ನು ಅಷ್ಟನ್ನೇ ಕೊಡುತ್ತದೆಯೋ ಇಲ್ಲವೋ ಎಂದು ಅಳೆದು ರುಜು ಹಾಕುವುದು ನಾನು. ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ಕಾಯಿಲೆ ಉಳಿಯುತ್ತದೆ.

ಬೆಂಗಳೂರಿನ ಟ್ರೈನಿಂಗಿನಿಂದ ನೇರ ಮನೆಗೆ ಬಂದ ಆ ಶನಿವಾರ, ಕೈಯಲ್ಲಿ ಅಲ್ಲಿ ಕೊಟ್ಟ ನೀಲಿ ಚೀಲವಿತ್ತು. ನಮ್ಮ ಕೆಲಸದಲ್ಲಿ ಡಿಗ್ರಿ ಸಿಕ್ಕಿತೆಂದು ಪುಸ್ತಕ ಮುಚ್ಚುವ ಹಾಗಿಲ್ಲ. ಉಪಕರಣಗಳು ಬದಲಾಗುತ್ತವೆ, ಅಳೆಯುವ ಕ್ರಮ ಬದಲಾಗುತ್ತದೆ, ಬೇರೆ ಆಸ್ಪತ್ರೆಗಳಲ್ಲಿ ಆದ ತಪ್ಪುಗಳನ್ನು ಕೇಳಿ ತಿಳಿಯಬೇಕು. ಅದಕ್ಕೇ ವರ್ಷ ವರ್ಷ ಟ್ರೈನಿಂಗು, ಅದಕ್ಕೊಂದು ಸರ್ಟಿಫಿಕೇಟು. ಆದರೆ ನಾವು ಮಾಡುತ್ತಿದ್ದುದೇನು? ಬೆಳಗ್ಗೆಯೇ ಎರಡೂ ಹೊತ್ತಿನ ರುಜು ಒಟ್ಟಿಗೆ ಹಾಕಿ, ಚೀಲ ಇಸಕೊಂಡು, ಊಟ ಮುಗಿಸಿ ಮೆಲ್ಲಗೆ ಜಾರಿಕೊಳ್ಳುವುದು. ಸರ್ಟಿಫಿಕೇಟನ್ನು ಯಾರಾದರೂ ಗೆಳತಿ ಇಸಕೊಂಡು ಪೋಸ್ಟ್ ಮಾಡುತ್ತಾಳೆ. ಅಂದು ಮಧ್ಯಾಹ್ನದ ಪಾಠ ಗಾಳಿಯ ಒತ್ತಡದ ಮೇಲಿತ್ತು. ಕಾಲೇಜಿನಲ್ಲಿ ಓದಿದ್ದೇ ತಾನೆ ಎಂದು ಬಸ್ ಹತ್ತಿದ್ದೆ.

ನೀನು ಮುದ್ದೆ ಬಡಿಸುತ್ತ "ಏನ್ ಕಲ್ತು ಬಂದ್ಯವ್ವಾ?" ಎಂದು ಕೇಳಿದೆ. ಶಾಲೆಗೆ ಹೋಗುತ್ತಿದ್ದಾಗಿನಿಂದ ನೀನು ಕೇಳುತ್ತಿದ್ದುದು ಅದೊಂದೇ ಪ್ರಶ್ನೆ, ಮಾರ್ಕ್ಸ್ ಎಷ್ಟೆಂದು ಕೇಳಿದವಳೇ ಅಲ್ಲ.

"ಏನಿಲ್ಲವ್ವ. ಎಲ್ಲಾ ಗೊತ್ತಿರದೇ."

"ಗೊತ್ತಿರದ್ ಹೇಳಕ್ಕೆ ಅಷ್ಟ್ ದೂರ ಕರುಸ್ತಾರಾ?"

ನಾನು ನಕ್ಕು ಮಾತು ಮರೆಸಿದೆ. ಚೀಲ ನಿನ್ನ ಕಣ್ಣಿಗೆ ಬಿತ್ತು. ರೇಷ್ಮೆ ನೂಲು ಸುತ್ತಿದ ಕಂಡಿಕೆಗಳನ್ನು ಹಾಕಿಕೊಂಡು ಮಗ್ಗದ ಪಕ್ಕ ಇಟ್ಟುಕೊಳ್ಳಲು ಹೇಳಿ ಮಾಡಿಸಿದಂತಿದೆ ಎಂದೆ ನೀನು. "ಒಳಗೆ ಪುಸ್ತಕ ಐತಲ್ಲೇ?" ಎಂದು ಕೇಳಿ, ನಾನು ಬೇಡ ಅಂದಾಗ, "ಇರ್ಲಿ ಬಿಡು, ಅದಿದ್ರೆ ಚೀಲ ನೆಟ್ಟಗೆ ನಿಂತ್ಕಂತೈತೆ" ಎಂದು ಹಾಗೇ ಇಟ್ಟುಕೊಂಡೆ.

ದವಡೆಯ ಒಳಗಿನ ಹುಣ್ಣನ್ನು ನೀನು ತೋರಿಸಿದ್ದು ಅದಾಗಿ ಕೆಲವು ತಿಂಗಳ ಮೇಲೆ, ಅದೂ ನಾನು ಬೈದ ಮೇಲೆ. ಹೊಗೆಸೊಪ್ಪು ಬಿಡು ಬಿಡು ಎಂದು ಎಷ್ಟು ಬಡಕೊಂಡಿದ್ದೆ. "ಮಗ್ಗದ್ ಮುಂದೆ ಕೂತೋರ್ಗೆ ಬಾಯಿಗೆ ಏನಾರ ಬ್ಯಾಡ್ವಾ?" ಎನ್ನುತ್ತಿದ್ದೆ ನೀನು. ಆಪರೇಶನ್ ಆಯಿತು, ಆಮೇಲೆ ಮೂವತ್ತು ದಿನದ ರೇಡಿಯೇಶನ್. ನನ್ನದೇ ಆಸ್ಪತ್ರೆ, ನಾನೇ ಅಳೆಯುವ ಮಿಷನ್ನು. ತಲೆ ಅಲುಗದಿರಲೆಂದು ನಿನ್ನ ಮುಖದ ಮೇಲೆ ಬಿಸಿನೀರಿನಲ್ಲಿ ಮೆತ್ತಗಾದ ಬಿಳಿ ಜಾಲರಿ ಒತ್ತಿ ಮುಖವಾಡ ಮಾಡಿದೆವು. ನಿನ್ನ ಮೂಗು, ನಿನ್ನ ಗಲ್ಲದ ಮೂಳೆ, ಕಿವಿಯ ಹತ್ತಿರ ಓಲೆಯ ಉಬ್ಬು ಸಹ ಅದರಲ್ಲಿ ಬಂತು. ಓಲೆ ತೆಗೆ ಎಂದರೆ ತೆಗೆಯದೆ ಹಟ ಮಾಡಿದ್ದೆ, ಆಮೇಲೆ ಇನ್ನೊಂದು ಮಾಡಬೇಕಾಯಿತು. ಓಲೆಯಿರುವ ಆ ಮೊದಲನೆಯದನ್ನು ನಾನು ಎಸೆಯಲಿಲ್ಲ.

ಎರಡನೆಯ ದಿನವೇ ನೀನು ಹೊರಬಂದು "ಬಲಗಡೀಗೆ ಅರವತ್ತು" ಎಂದೆ. ಏನು ಅರವತ್ತು? "ಅದು ಗುಂಯ್ ಅನ್ನೋದು ಕಣೆ. ಅರವತ್ತು ಎಣಿಸ್ದಾಗ ನಿಲ್ತೈತೆ." ಸೀರೆಯ ಮೇಲೆ ಹೂವಿನ ಬುಟ್ಟಾ ತೆಗೆಯುವಾಗ ಎಳೆ ಎಣಿಸುವ ಅದೇ ಓಟದಲ್ಲಿ, ತೆಲುಗಿನಲ್ಲಿ, ಮಲಗಿದಲ್ಲೇ ಎಣಿಸಿದ್ದೆ. ರಾಯದುರ್ಗದ ಕಡೆಯ ಅಮ್ಮಮ್ಮ ನಿನಗೆ ಮಗ್ಗ ಕಲಿಸಿದ್ದು ತೆಲುಗಿನಲ್ಲಿ. ಹಾಗಾಗಿ ಬೈಗುಳ ಕನ್ನಡದಲ್ಲಾದರೂ ಎಣಿಕೆ ಮಾತ್ರ ತೆಲುಗಿನಲ್ಲೇ ಇತ್ತು ನಿನಗೆ. ದಿನವೂ ಅರವತ್ತು. ನಾನು ಟೆಕ್ನಿಷಿಯನ್‌ಗೆ ಹೇಳಿ ನಗುತ್ತಿದ್ದೆ, ನಮ್ಮವ್ವನೇ ಒಂದು ಮೀಟರು ಎಂದು.

ಹತ್ತೊಂಬತ್ತು ದಿನ ಮುಗಿದಾಗ ಮಿಷನ್ನು ಕೆಟ್ಟಿತು. ಇಂಜಿನಿಯರ್ ಬಂದು ಒಂದು ಭಾಗವನ್ನೇ ಬದಲಾಯಿಸಿದ. ಹೊಸ ಭಾಗ ಹಾಕಿದರೆ ಮಿಷನ್ನನ್ನು ಮೊದಲಿನಿಂದ ಅಳೆಯಬೇಕು. ನಾನು ಅಳೆಯುವ ಉಪಕರಣವೆಂದರೆ ಬೆರಳ ತುದಿಯಷ್ಟು ಗಾಳಿ ಹಿಡಿಯುವ ಒಂದು ಪುಟ್ಟ ಗೂಡು. ಆ ಗಾಳಿ ಎಷ್ಟು ದಟ್ಟವಾಗಿದೆ ಎಂದು ತಿಳಿಯಲು ಕೋಣೆಯ ಉಷ್ಣಾಂಶ ಬೇಕು, ಗಾಳಿಯ ಒತ್ತಡ ಬೇಕು. ಒತ್ತಡ ತೋರಿಸುವ ಬ್ಯಾರೋಮೀಟರು ರಿಪೇರಿಯ ಗಲಾಟೆಯಲ್ಲಿ ಮೇಜಿನಿಂದ ಬಿದ್ದು, ಮುಳ್ಳು ಅಲ್ಲಾಡದೆ ನಿಂತುಬಿಟ್ಟಿತ್ತು. ಹೊರಗೆ ಬೆಂಚಿನ ಮೇಲೆ ರೋಗಿಗಳು ಕಾಯುತ್ತಿದ್ದರು, ನೀನೂ. ಫೋನ್ ತೆಗೆದೆ. ಹವಾಮಾನ ತೋರಿಸುವಲ್ಲಿ ಚಳ್ಳಕೆರೆ ಎಂದಿತ್ತು, ಕೆಳಗೆ ಒತ್ತಡದ ಅಂಕಿಯೂ ಇತ್ತು. ಅದನ್ನೇ ಬರೆದುಕೊಂಡು ಲೆಕ್ಕ ಹಾಕಿದರೆ, ಮಿಷನ್ನು ನೂರು ಕೊಡಬೇಕಾದಲ್ಲಿ ತೊಂಬತ್ಮೂರು ಕೊಡುತ್ತಿದೆ ಎಂದು ಬಂತು. ಹೊಸ ಭಾಗವಲ್ಲವೇ, ಇರಬಹುದು ಎಂದುಕೊಂಡು, ಏರಿಸಿ ನೂರಕ್ಕೆ ತಂದು ರುಜು ಹಾಕಿದೆ.

ಅದರ ಮೂರನೆಯ ದಿನವೋ ನಾಲ್ಕನೆಯ ದಿನವೋ, ಎಣ್ಣೆ ಮಿಲ್ಲಿನ ಹಿಂದಿನ ನನ್ನ ಬಾಡಿಗೆ ಮನೆಯಲ್ಲಿ, ನೀನು ತಣ್ಣನೆಯ ಗಂಜಿಯನ್ನು ಚಮಚದಲ್ಲಿ ಕುಡಿಯುತ್ತ ಹೇಳಿದೆ:

"ಮಂಜಿ, ನಿನ್ ಮಿಷನ್ನು ಅರವತ್ತಕ್ಕೆ ನಿಲ್ತಾ ಇಲ್ಲ. ಅರವತ್ನಾಲ್ಕು ಹೋಗ್ತೈತೆ."

"ರಿಪೇರಿ ಆಗೈತವ್ವ, ಸ್ವಲ್ಪ ಹೆಚ್ಚು ಕಮ್ಮಿ ಇರ್ತೈತೆ."

"ಹೆಚ್ಚು ಕಮ್ಮಿ ಇಲ್ಲ. ದಿನಾ ಅರವತ್ನಾಲ್ಕೇ."

"ಅಂಗಾರೆ ನಿಂಗೆ ಎಣಿಕೆ ತಪ್ಪೈತೆ. ಸುಸ್ತಾಗಿದೀಯ. ಸುಮ್ಕೆ ಮಲಿಕ್ಕ ಅಲ್ಲಿ."

"ಮಲಿಕ್ಕಂಡೇ ಎಣಿಸಿದ್ದು ಕಣೆ" ಎಂದೆ ನೀನು. ನಾನು ತಿರುಗಿ ಉತ್ತರ ಕೊಟ್ಟೆನಲ್ಲ, ಅದು ನೆನಪಾದರೆ ನಾಲಿಗೆ ಕಿತ್ತುಕೊಳ್ಳುವಂತಾಗುತ್ತದೆ. "ಅದನ್ನ ನೋಡಕ್ಕೆ ಓದಿರೋಳು ನಾನಾ ನೀನಾ?" ಅಂದೆ. ನೀನು ಗಂಜಿಯ ಬಟ್ಟಲು ಕೆಳಗಿಟ್ಟೆ. ಉಳಿದ ದಿನಗಳಲ್ಲಿ ಎಷ್ಟು ಎಣಿಸಿದೆ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೂರು ವಾರದ ಮೇಲೆ ಹೊಸ ಬ್ಯಾರೋಮೀಟರು ಬಂತು. ನೀನು ಆಗಲೇ ಉಳಿದ ಹನ್ನೊಂದೂ ದಿನ ಮುಗಿಸಿ ಊರು ಸೇರಿದ್ದೆ. ಅದರ ಮುಳ್ಳು ಫೋನಿನ ಅಂಕಿಗಿಂತ ಬಹಳ ಕೆಳಗೆ ನಿಂತಿತ್ತು. ಅಳೆದರೆ ಮಿಷನ್ನು ನೂರ ಏಳು ಕೊಡುತ್ತಿತ್ತು. ಹೊಸ ಭಾಗ ಒಗ್ಗಿಕೊಳ್ಳುವಾಗ ಹೀಗೆ ಜಾರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ನೂರಕ್ಕೆ ಇಳಿಸಿ, ನೋಟ್‌ಬುಕ್ಕಿನಲ್ಲಿ "ಸರಿಪಡಿಸಲಾಗಿದೆ" ಎಂದು ಬರೆದು ಹಾಳೆ ತಿರುವಿದೆ. ಆಗ ನನಗೆ ಗೊತ್ತಿತ್ತೇ? ಪೂರ್ತಿ ಗೊತ್ತಿರಲಿಲ್ಲ ಎಂದು ಬೇಕಾದರೆ ಆಣೆ ಮಾಡುತ್ತೇನೆ. ಆದರೆ ಗೊತ್ತು ಮಾಡಿಕೊಳ್ಳಬಾರದೆಂದು ಹಾಳೆಯನ್ನು ಅಷ್ಟು ಬೇಗ ತಿರುವಿದೆನಲ್ಲ...

ನೇಯ್ದು ಮುಗಿಸಿದ ಸೀರೆಯನ್ನು ನೀನು ಮಡಿಸುತ್ತಿದ್ದ ರೀತಿ ಆಗ ಯಾಕೆ ನೆನಪಾಗಲಿಲ್ಲವೋ. ಎಳೆ ತಪ್ಪಿದ ಜಾಗ ಒಳಮಡಿಕೆಗೆ ಹೋಗುವ ಹಾಗೆ ಮಡಿಸುವುದು ಬೀದಿಯಲ್ಲಿ ಎಲ್ಲರಿಗೂ ಬರುತ್ತಿತ್ತು. ನೀನೊಬ್ಬಳು ಅದನ್ನು ಮೇಲಿನ ಮಡಿಕೆಗೆ ತಂದು, ಅದರ ಮೇಲೆ ಹೆಬ್ಬೆರಳಿಟ್ಟು ಸಾಹುಕಾರರ ಮುಂದೆ ಹಿಡಿಯುತ್ತಿದ್ದೆ. "ಇಲ್ಲೊಂದ್ ಎಳೆ ತಪ್ಪೈತ್ರೀ, ಮೊದ್ಲು ಇದನ್ ನೋಡ್ರಿ." ಅವರು ಗೊಣಗುತ್ತಿದ್ದರು. ಆದರೆ ಇಡೀ ಅಂಗಡಿಯಲ್ಲಿ ಬಿಚ್ಚಿ ನೋಡದೆ ಒಳಗಿಡುತ್ತಿದ್ದುದು ನಿನ್ನ ಸೀರೆಗಳನ್ನು ಮಾತ್ರ. ಅಂಥವಳ ಮಗಳು ನಾನು, ಒಂದು ಪದದಲ್ಲಿ ಮಡಿಸಿಟ್ಟುಬಿಟ್ಟೆ.

ನೀನು ಹೋದದ್ದು ಆರು ತಿಂಗಳಿಗೆ. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಧ್ಯಾಹ್ನ ಗಂಗಮ್ಮತ್ತೆ ನಿನ್ನ ಮಗ್ಗದ ಮೇಲೆ ಕೈಯಾಡಿಸುತ್ತ ಹೇಳಿದಳು: "ನಿಮ್ಮವ್ವ ಕೊನೇ ಸೀರೀಗೆ ದಿನಾ ನನ್ನ ಕರೀತಿದ್ಲು ಕಣೆ. ಎಳೆ ಎಣಿಸ್ ಕೊಡು ಗಂಗಿ, ನಂಗೆ ಎಣಿಕೆ ತಪ್ತೈತಂತೆ, ನಮ್ ಮಂಜಿ ಅಂದ್ಲು, ಓದಿರೋಳು ಸುಳ್ಳು ಹೇಳ್ತಾಳಾ, ಅಂತಿದ್ಲು." ನಲವತ್ತು ವರ್ಷ ಯಾರನ್ನೂ ಕೇಳದೆ ಎಣಿಸಿದವಳು, ಕೊನೆಗೆ ಪಕ್ಕದ ಮನೆಯವಳನ್ನು ಕರೆದು...

ಕೈ ಸುಮ್ಮನಿರದೆ ಅಂದೇ ನೀಲಿ ಚೀಲ ಎತ್ತಿಕೊಂಡೆ, ಕಂಡಿಕೆಗಳನ್ನು ತೆಗೆದಿಡೋಣವೆಂದು. ತಳದಲ್ಲಿ ಆ ಪುಸ್ತಕ, ಚೀಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೂತಿತ್ತು. ನಾನು ತಪ್ಪಿಸಿಕೊಂಡ ಮಧ್ಯಾಹ್ನದ ಪಾಠ ಕೊನೆಯ ಪುಟಗಳಲ್ಲಿತ್ತು. ಫೋನಿನಲ್ಲಿ ಕಾಣುವ ಒತ್ತಡವನ್ನು ಬಳಸಲೇಬೇಡಿ, ಅದು ನಿಮ್ಮ ಊರನ್ನು ಸಮುದ್ರದ ಮಟ್ಟಕ್ಕೆ ಇಳಿಸಿ ಹಾಕಿದ ಲೆಕ್ಕ ಎಂದಿತ್ತು. ಚಳ್ಳಕೆರೆ ಎತ್ತರದಲ್ಲಿದೆ, ನಮ್ಮ ಗಾಳಿ ತೆಳು. ಫೋನಿನ ಅಂಕಿ ನಂಬಿದರೆ ಮಿಷನ್ನು ಕಡಿಮೆ ಕೊಡುತ್ತಿದೆ ಎಂದು ಕಾಣುತ್ತದೆ, ಸರಿಯಿದ್ದದ್ದನ್ನು ಏರಿಸಿಬಿಡುತ್ತೇವೆ. ಎಷ್ಟು ಏರುತ್ತದೆ? ನೂರಕ್ಕೆ ಏಳು, ಮಿಷನ್ನು ಅಷ್ಟೇ ಹೆಚ್ಚು ಹೊತ್ತು ಓಡುತ್ತದೆ. ಅರವತ್ತಕ್ಕೆ? ನೆಲದ ಮೇಲೆ ಕೂತು, ಕಂಡಿಕೆಗಳ ಮಧ್ಯೆ, ಬೆರಳು ಮಡಚಿ ಲೆಕ್ಕ ಹಾಕಿದೆ. ಅರವತ್ನಾಲ್ಕು.

ನಮ್ಮ ದೊಡ್ಡ ಡಾಕ್ಟರಮ್ಮನ ಮೇಜಿನ ಮೇಲೆ ನೋಟ್‌ಬುಕ್ಕಿನ ಆ ಹಾಳೆ ತೆರೆದಿಟ್ಟು ನಿಂತದ್ದು ಮರುದಿನ. ಆಕೆ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ "ಆ ಮೂರು ವಾರದಾಗೆ ಯಾರ್ಯಾರಿದ್ರು, ಪಟ್ಟಿ ಮಾಡು" ಎಂದರು. ಮೇಲಿನವರಿಗೂ ಬರೆದೆವು. ವಿಚಾರಣೆಯಾಯಿತು. ಬೇರೆ ಆಸ್ಪತ್ರೆಯವರು ಬಂದು ಎಲ್ಲವನ್ನೂ ಮತ್ತೆ ಅಳೆಯುವವರೆಗೆ ಮಿಷನ್ನು ಮುಟ್ಟಬೇಡ ಅಂದರು, ಮುಟ್ಟಲಿಲ್ಲ. ನಿನ್ನ ಫೈಲು ತಿರುವಿ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಹನ್ನೊಂದು ದಿನಕ್ಕೆ ಸೇರಿ ಹೆಚ್ಚಾಗಿರದು ಮುಕ್ಕಾಲು ದಿನದ ಡೋಸು. ನಿಮ್ಮವ್ವ ಹೋಗಿದ್ದು ಅದ್ರಿಂದಲ್ಲ ಮಂಜುಳಾ." ಹಾಗಾದರೆ ರೇಡಿಯೇಶನ್ನಿನ ಕೊನೆಕೊನೆಗೆ ಬಾಯೊಳಗೆ ಅಷ್ಟು ಉರಿಯುತ್ತಿತ್ತಲ್ಲ, ನೀರು ನುಂಗಲೂ ಆಗದೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳಲ್ಲ, ಅದು? "ಅದು ಎಲ್ರಿಗೂ ಆಗ್ತೈತೆ. ಇದ್ರಿಂದ ಹೆಚ್ಚಾಯ್ತಾ ಅಂದ್ರೆ ನಾನು ಹೌದು ಅನ್ನಲ್ಲ, ಇಲ್ಲ ಅನ್ನಕ್ಕೂ ಬರಲ್ಲ" ಎಂದರು. ಈ ಉತ್ತರವನ್ನು ಇಟ್ಟುಕೊಂಡು ಬದುಕಬೇಕು ನಾನು. ನೀನಾದರೂ ಒಂದು ಮಾತು ಹೇಳಿಬಿಟ್ಟರೆ... ಹೇಳುವುದಿಲ್ಲ, ಬರೀ ಎಣಿಸುತ್ತೀಯ.

ಪಟ್ಟಿ ಹಿಡಿದುಕೊಂಡು ಡಾಕ್ಟರಮ್ಮನ ಜೊತೆ ಊರೂರು ತಿರುಗಿದೆ. ನಾಯಕನಹಟ್ಟಿಯಲ್ಲಿ ಇಬ್ಬರು, ಕೊಂಡ್ಲಹಳ್ಳಿಯಲ್ಲಿ ಒಬ್ಬಾಕೆ. ಪುಣ್ಯಕ್ಕೆ ಎಲ್ಲರೂ ಓಡಾಡಿಕೊಂಡಿದ್ದರು. ಹೆಚ್ಚಿನವರು "ಅದನ್ ಹೇಳಕ್ಕೆ ಇಷ್ಟ್ ದೂರ ಬಂದ್ರಾ" ಎಂದು ಟೀ ಕೊಟ್ಟರು. ತಳಕಿನ ಓಬಣ್ಣ ಮಾತ್ರ ಕೊಡಲಿಲ್ಲ. ಗಂಟಲಿಗೆ ರೇಡಿಯೇಶನ್ ಆದವನು, ದನಿ ಇನ್ನೂ ಒಡೆದಿತ್ತು. ಜಗಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡ.

"ಜಾಸ್ತಿ ಉರೀತೈತೆ ಅಂತ ನಾನು ಅವತ್ತೇ ಹೇಳಿರ್ಲಿಲ್ವೇನಮ್ಮ? ನೀವೆಲ್ಲ ಏನಂದ್ರಿ? ಎಲ್ರಿಗೂ ಅಂಗೇ ಅಂದ್ರಿ. ನೀವು ಬರ್ಕಂಡಿದ್ದೇ ಖರೆ, ನಮ್ ಗಂಟಲು ಸುಳ್ಳು. ಅಲ್ವಾ?"

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಹೊರಡುವಾಗ ಹಿಂದಿನಿಂದ ಕೂಗಿದ: "ಇನ್ಮುಂದೆ ಯಾರಾರ ಏನಾರ ಅಂದ್ರೆ, ಬಾಯಿ ಮುಚ್ಚು ಅನ್ನೋಕಿಂತ ಮುಂಚೆ ಒಂದ್ಸಲ ಅಳ್ದು ನೋಡಮ್ಮ."

ಮೊನ್ನೆ ಮತ್ತೆ ಟ್ರೈನಿಂಗಿಗೆ ಹೋಗಿದ್ದೆ. ಅದೇ ಊರು, ಈ ಸಲ ಹಸಿರು ಚೀಲ. ಊಟದ ಮೇಲೆ ಅರ್ಧ ಕುರ್ಚಿ ಖಾಲಿ, ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪಾಠ ಮಾಡುವವರು ವಯಸ್ಸಾದವರು, ತಮಾಷೆಯ ಮನುಷ್ಯ. "ಫೋನಿನ ಒತ್ತಡ ನಂಬಿದೋರು ಯಾರೂ ಇಲ್ಲಿಲ್ಲ ಬಿಡಿ" ಎಂದು ನಗಿಸಿದರು. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಮೂರು ವಾರ, ನಮ್ಮ ಮಿಷನ್ನು, ನೋಟ್‌ಬುಕ್ಕಿನಲ್ಲಿ ಬರೆದ ಒಂದು ಪದ, ಎಲ್ಲ ಹೇಳಿದೆ. ಕಂಡುಹಿಡಿದದ್ದು ಯಾರು ಎಂದು ಅವರು ಕೇಳಿದರು. ಮೊಳಕಾಲ್ಮೂರಿನ ಒಬ್ಬ ನೇಕಾರ್ತಿ, ಓದು ಬರದವಳು, ಮಿಷನ್ನಿನ ಕೆಳಗೆ ಮಲಗಿಕೊಂಡೇ ಕಂಡುಹಿಡಿದಳು, ನಾನು ಕೇಳಲಿಲ್ಲ ಎಂದೆ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಲ್ಲಿ ತಲೆ ನರೆತ ಒಬ್ಬರು, ನಾನೂ ನಂಬಿದ್ದೆ ಎನ್ನುವಂತೆ, ಮೆಲ್ಲಗೆ ಕೈ ಎತ್ತಿದರು. ಅವರ ಕಣ್ಣು ಕೆಂಪಾಗಿತ್ತು.

ಅಲ್ಲಿಂದ ನೇರ ಊರಿಗೆ ಬಂದೆ. ಬೀಗ ತೆಗೆದು ಒಳಗೆ ಹೋದರೆ "ಏನ್ ಕಲ್ತು ಬಂದ್ಯವ್ವಾ?" ಎಂದು ಕೇಳುವವರಿಲ್ಲ. ಕೇಳಿದ್ದರೆ ಈ ಸಲ ಏನಿಲ್ಲ ಅನ್ನುತ್ತಿರಲಿಲ್ಲ. ಗಂಗಮ್ಮತ್ತೆಯನ್ನು ಕರೆದು, ನಿನ್ನ ಮಗ್ಗದ ಮುಂದೆ ಕೂರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಅತ್ತಳು. "ಅದೇ ಅನ್ಕಂಡೆ. ನಾನು ಎಣಿಸಿ ಹೇಳಕ್ ಮುಂಚೇನೆ ಅವಳ ತುಟಿ ಸರಿಯಾಗ್ ಎಣಿಸಿ ಮುಗಿಸಿರ್ತಿತ್ತು" ಎಂದಳು.

ಓಲೆಯ ಉಬ್ಬಿರುವ ನಿನ್ನ ಮುಖವಾಡ ಈಗ ನನ್ನ ಅಳತೆಯ ಬೀರುವಿನಲ್ಲಿ ಬ್ಯಾರೋಮೀಟರಿನ ಪಕ್ಕದಲ್ಲಿದೆ. ಬಾಗಿಲು ತೆಗೆದರೆ ಮೊದಲು ನಿನ್ನ ಮುಖ, ಆಮೇಲೆ ಮುಳ್ಳು. ರಿಜಿಸ್ಟರಿನಲ್ಲಿ ಹೊಸದೊಂದು ಕಾಲಂ ಎಳೆದಿದ್ದೇನೆ, "ರೋಗಿ ಹೇಳಿದ್ದು" ಎಂದು. ಯಾರು ಏನು ಹೇಳಿದರೂ ಬರೆದುಕೊಂಡು, ಅಂದೇ ಅಳೆದು, ಎದುರಿಗೆ ಉತ್ತರ ಬರೆಯಬೇಕು. ಅದರ ಮೊದಲ ಸಾಲು ನಿನ್ನದು. ಗಂಜಿ ಕುಡಿಯುತ್ತ ನೀನು ಹೇಳಿದ ವಾರ ಹಾಕಿ, "ಅರವತ್ತಕ್ಕೆ ನಿಲ್ತಾ ಇಲ್ಲ. ಅರವತ್ನಾಲ್ಕು ಹೋಗ್ತೈತೆ" ಎಂದು ನೀನು ಅಂದಂತೆಯೇ ಬರೆದಿದ್ದೇನೆ. ಎದುರಿಗೆ, ತಡವಾಗಿ ಬರೆದದ್ದೆಂದು ಒಪ್ಪಿಕೊಂಡು, ಉತ್ತರ: "ರೋಗಿಯ ಎಣಿಕೆ ಸರಿ. ತಪ್ಪು ನನ್ನದು." ಕೆಳಗೆ ನನ್ನ ರುಜು ಇದೆ.

ನಿನ್ನ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ ಅವ್ವಾ. ಬೇಕಾದರೆ ನಾಳೆ ಬೆಳಗ್ಗೆಯೂ ಬಾ, ಎಣಿಸಿ ನೋಡು. ಮಿಷನ್ನು ಅರವತ್ತಕ್ಕೆ ನಿಲ್ಲುತ್ತದೆ. ಇನ್ನು ನೀನೂ ನಿಲ್ಲಬಹುದು.

ನಿನ್ನ
ಮಂಜಿ